ಆರು ಜನರಿಗೆ ಒಂದೇ ಪಕ್ಕೆಲುಬು

"ಎತ್ತಿ ಹಿಡಿಯಮ್ಮ, ಇನ್ನೂ ಮೇಲೆ. ನಿನ್ನ ತಲೆ ಅಡ್ಡ ಬರ್ತಿದೆ," ಎಂದರು ಡಾಕ್ಟರು.

ನಾನು ಎಕ್ಸ್‌ರೇಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಪಕ್ಕಕ್ಕೆ ಸರಿದೆ. ಎಕ್ಸ್‌ರೇ ನೋಡುವ ದೀಪದ ಪೆಟ್ಟಿಗೆ ಕೆಟ್ಟು ಎರಡು ವರ್ಷವಾಯಿತು. ಕೆಲಸಗಾರರ ಅರ್ಜಿಗಳನ್ನು ನಾನು ತನಿಖೆ ಮಾಡುವ ಈ ಪರಿಹಾರ ಕಚೇರಿಯಲ್ಲಿ ಒಂದು ಬಲ್ಬು ಬದಲಾಯಿಸಲು ಮೂರು ಅರ್ಜಿ ಬೇಕು. ಹಾಗಾಗಿ ಕೆಲಸಗಾರರ ಎದೆ, ಬೆನ್ನು, ಬೆರಳುಗಳ ಪರೀಕ್ಷೆಯೆಲ್ಲ ಸೂರ್ಯನ ದಯೆಯಿಂದ ನಡೆಯುತ್ತದೆ.

ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ ಮೂಗು ತಾಗುವಷ್ಟು ಹತ್ತಿರ ಬಂದರು. ನಿವೃತ್ತಿಯಾಗಿ ಆರು ವರ್ಷವಾದರೂ ವಾರಕ್ಕೆರಡು ದಿನ ಬಂದು ನಮಗಾಗಿ ಎಕ್ಸ್‌ರೇ ಫೋಟೋ ಓದುತ್ತಾರೆ.

"ಇದು ಯಾರದು?"

"ಹೂವಿನಣ್ಣಂದು. ನಮ್ಮ ಅರ್ಜಿದಾರ."

"ಈಗ ತೋರಿಸಿದ್ಯಲ್ಲ, ಅದು?"

"ಅದು ಪಾಲಿಶ್ ಮಾಡೋನದು. ಯಾಕೆ?"

"ಇಬ್ರೂ ಅಣ್ಣತಮ್ಮಂದಿರಾ?"

"ಎಲ್ಲಿಯ ಅಣ್ಣತಮ್ಮ ಡಾಕ್ಟ್ರೇ! ಒಬ್ಬ ಆರಡಿ ಇದ್ದಾನೆ, ಇನ್ನೊಬ್ಬ ನನ್ನ ಭುಜಕ್ಕೆ ಬರ್ತಾನೆ."

ಅವರು ಪೆನ್ಸಿಲ್ಲಿನ ಹಿಂಬದಿಯಿಂದ ಒಂದು ಜಾಗ ತೋರಿಸಿದರು. "ಎಡಗಡೆ ಏಳನೇ ಪಕ್ಕೆಲುಬು. ಯಾವತ್ತೋ ಮುರಿದು ಸ್ವಲ್ಪ ಸೊಟ್ಟಗೆ ಕೂಡ್ಕೊಂಡಿದೆ. ಗಂಟು ಕಾಣ್ತಿದೆಯಾ? ಈಗ ಪಾಲಿಶಿನವನದು ಎತ್ತು."

ಎತ್ತಿದೆ. ಅದೇ ಏಳನೆಯ ಎಲುಬು, ಅದೇ ಗಂಟು, ಅದೇ ಸೊಟ್ಟ.

ಗಾಜಿಗೆ ಮರಳು ಹೊಡೆಯುವ ಹೂವಿನಣ್ಣನ ಪರಿಹಾರದ ಅರ್ಜಿ ಗುರುವಾರ ವಿಚಾರಣೆಗೆ ಬರುವುದಿತ್ತು. ಅದಕ್ಕೆ ಅಡ್ಡ ನಿಂತಿದ್ದ ಏಕೈಕ ಸಾಕ್ಷಿ ಈ ಫೋಟೋ. ಇವತ್ತು ಮಂಗಳವಾರ.

ಅವನ ಕೆಲಸ ನೋಡದವರಿಗೆ ಒಂದು ಮಾತು ಹೇಳಬೇಕು. ಬಚ್ಚಲುಮನೆಯ ಬಾಗಿಲಿಗೆ, ಬ್ಯಾಂಕಿನ ಕೌಂಟರಿಗೆ ಹಾಲಿನ ಬಣ್ಣದ ಹೂಬಳ್ಳಿಯ ಗಾಜು ಹಾಕಿರುತ್ತಾರಲ್ಲ, ಆ ಬಳ್ಳಿ ಬರುವುದು ಮರಳಿನಿಂದ. ಗಾಜಿನ ಮೇಲೆ ಹೂವಿನ ಆಕಾರ ಕತ್ತರಿಸಿದ ರಬ್ಬರ್ ಹಾಳೆ ಅಂಟಿಸಿ, ಗಾಳಿಯ ಒತ್ತಡದಲ್ಲಿ ಮರಳು ಹೊಡೆಯುತ್ತಾರೆ. ಮರಳು ತಾಗಿದ ಕಡೆ ಗಾಜು ಬೆಳ್ಳಗಾಗುತ್ತದೆ. ಮರಳು ಒಡೆದು ಹಿಟ್ಟಿಗಿಂತ ನುಣುಪಾದ ಧೂಳಾಗಿ ಹೊಡೆಯುವವನ ಎದೆಗಿಳಿಯುತ್ತದೆ. ಹದಿನಾಲ್ಕು ವರ್ಷ ಹೊಡೆದವನು ಹೂವಿನಣ್ಣ. ಈಗ ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರು ಸಾಲುವುದಿಲ್ಲ.

ವಿಮಾ ಕಂಪನಿಯ ವಕೀಲನ ವಾದ ಸರಳವಾಗಿತ್ತು. ಧೂಳಿನ ಕಾಯಿಲೆ ಬೆಳೆಯಲು ಹತ್ತು ವರ್ಷ ಬೇಕು. ಎಂಟು ತಿಂಗಳ ಹಿಂದೆ ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ತೆಗೆದ ಫೋಟೋದಲ್ಲಿ ಈ ಮನುಷ್ಯನ ಎದೆ ತೊಳೆದ ತಟ್ಟೆಯ ಹಾಗಿದೆ. ಅಂದಮೇಲೆ ಈಗ ಬಂದಿರುವುದು ಧೂಳಿನ ಕಾಯಿಲೆಯಲ್ಲ, ಬೇರೇನೋ. ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಹೀಗೆ ಹೇಳಿ ಅವನು ನನ್ನ ಕಡೆ ತಿರುಗಿ ನಕ್ಕಿದ್ದ. ಕಚೇರಿಯಲ್ಲಿ ನನಗೆ ಜಿಗಣೆ ಎಂದು ಹೆಸರಿದೆ. ಆ ನಗು ನೋಡಿದ ಮೇಲೆ ಬಿಡುವ ಮಾತೇ ಇರಲಿಲ್ಲ. ಒಬ್ಬನ ಫೋಟೋ ಸಾಲದು, ಆ ಕಾರ್ಖಾನೆಯ ಅಷ್ಟೂ ಜನರದ್ದು ಬೇಕು ಎಂದು ಪಟ್ಟು ಹಿಡಿದು ತರಿಸಿಕೊಂಡಿದ್ದೆ.

ಡಾಕ್ಟರೂ ನಾನೂ ಇಪ್ಪತ್ತಾರು ಎದೆಗಳನ್ನೂ ಒಂದೊಂದಾಗಿ ಕಿಟಕಿಗೆ ಹಿಡಿದೆವು. ಮುಗಿಯುವಾಗ ಮೇಜಿನ ಮೇಲೆ ಆರು ಫೋಟೋಗಳ ಪ್ರತ್ಯೇಕ ಕಟ್ಟು ಆಗಿತ್ತು.

"ಮುಖ ಬದಲಾಯಿಸ್ಕೋಬಹುದು, ಹೆಸರು ಬದಲಾಯಿಸ್ಕೋಬಹುದು, ಪಕ್ಕೆಲುಬು ಬದಲಾಯಿಸ್ಕೊಳಕ್ಕಾಗಲ್ಲ," ಎಂದರು ಡಾಕ್ಟರು. "ಈ ಆರೂ ಒಬ್ಬನದೇ. ಬೇಕಾದ್ರೆ ಬರೆದು ಕೊಡ್ತೀನಿ."

"ಒಬ್ಬನ ಎದೆ ಎಲ್ರೂ ಎರವಲು ತಗೊಂಡಿದ್ದಾರೆ."

"ತಗೊಳ್ದೆ ಏನ್ ಮಾಡ್ತಾರೆ?" ಎಂದು ಅವರು ಕನ್ನಡಕ ಒರೆಸಿಕೊಂಡರು.

ಅವರ ಮಾತು ನಿಜ. ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಎಕ್ಸ್‌ರೇ ವ್ಯಾನು ಬರುತ್ತದೆ. ಯಾರ ಎದೆಯಲ್ಲಿ ಕಲೆ ಕಂಡಿತೋ ಅವನಿಗೆ ಮರುವಾರ ಗೇಟಿನ ದಾರಿ ತೋರಿಸುತ್ತಾರೆ. ಆರೋಗ್ಯ ಸರಿಯಿಲ್ಲ, ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ ಎನ್ನುತ್ತಾರೆ, ಕೈಗೆ ಏನೂ ಕೊಡುವುದಿಲ್ಲ. ಕೆಲಸಗಾರನನ್ನು ಧೂಳಿನಿಂದ ಕಾಪಾಡಲು ಹುಟ್ಟಿದ ತಪಾಸಣೆ, ಕಾರ್ಖಾನೆಯನ್ನು ಕೆಲಸಗಾರನಿಂದ ಕಾಪಾಡುತ್ತಿತ್ತು. ನನಗೆ ಇದನ್ನು ನೆನೆದಾಗಲೆಲ್ಲ ಮೈ ಉರಿಯುತ್ತದೆ.

ಮೊದಲು ಖುಷಿಯಾಯಿತು. ಫೋಟೋ ಹೂವಿನಣ್ಣನದಲ್ಲ ಎಂದು ತೋರಿಸಿದರೆ ವಕೀಲನ ವಾದ ಅಲ್ಲೇ ಬಿತ್ತು. ಆಮೇಲೆ ಖುಷಿ ಇಳಿಯಿತು. ತಪಾಸಣೆಯಲ್ಲಿ ಅರ್ಜಿದಾರನೇ ಮೋಸ ಮಾಡಿದ್ದರೆ ಪರಿಹಾರವಿಲ್ಲ ಎಂದು ನಮ್ಮ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಬೇರೆಯವನನ್ನು ತನ್ನ ಬದಲು ನಿಲ್ಲಿಸಿದ್ದು ಮೋಸವಲ್ಲದೆ ಇನ್ನೇನು? ಫೋಟೋ ಅವನದೇ ಎಂದರೂ ಸೋಲು, ಅಲ್ಲ ಎಂದರೂ ಸೋಲು. ಅತ್ತ ದರಿ, ಇತ್ತ ಪುಲಿ.

ಗೆದ್ದರೆ ಅವನಿಗೆ ಔಷಧ, ಉಸಿರಿನ ಯಂತ್ರ, ತಿಂಗಳ ಭತ್ಯೆ. ಸೋತರೆ ಮನೆಯಲ್ಲಿ ಕೂರಲು ಒಂದು ಕುರ್ಚಿ ಮತ್ತು ಒಂದು ಕಿಟಕಿ.

ಫೋಟೋಗಳನ್ನು ಕಟ್ಟುವ ಮೊದಲು ನಂಬರಿನ ಕ್ರಮದಲ್ಲಿ ಜೋಡಿಸತೊಡಗಿದೆ. ಇದು ನನ್ನ ಚಾಳಿ. ಮನೆಯಲ್ಲಿ ಚಮಚಗಳನ್ನೂ ಹಾಗೇ ಇಡುತ್ತೇನೆಂದು ನನ್ನ ತಂಗಿ ಗೇಲಿ ಮಾಡುತ್ತಾಳೆ. ಪ್ರತಿ ಫೋಟೋದ ಮೂಲೆಯಲ್ಲಿ, ತೆಗೆದ ಸರದಿಯ ಪ್ರಕಾರ, ಯಂತ್ರವೇ ಒಂದು ಬಿಳಿ ನಂಬರು ಒತ್ತಿರುತ್ತದೆ. ಸೊಟ್ಟ ಪಕ್ಕೆಲುಬಿನ ಆರೂ ಕೊನೆಯಲ್ಲಿ ಬಂದವು, ಇಪ್ಪತ್ತೆರಡರಿಂದ ಇಪ್ಪತ್ತೇಳರವರೆಗೆ. ಹೂವಿನಣ್ಣನ ಹೆಸರಿದ್ದದ್ದು ಇಪ್ಪತ್ತೇಳು.

ಇಪ್ಪತ್ತಾರು ಜನ, ಇಪ್ಪತ್ತಾರು ಫೋಟೋ. ಕೊನೆಯ ನಂಬರು ಮಾತ್ರ ಇಪ್ಪತ್ತೇಳು.

ಮತ್ತೆ ಮೊದಲಿನಿಂದ ಎಣಿಸಿದೆ. ಏಳು, ಎಂಟು, ಹತ್ತು.

"ಡಾಕ್ಟ್ರೇ, ಒಂಬತ್ತು ಇಲ್ಲ."

"ಹಾಳಾಗಿರುತ್ತೆ. ಎಸೆದಿರ್ತಾರೆ."

"ಹಾಳಾದ್ರೂ ಜೊತೆಗೇ ಇಡ್ಬೇಕು. ವ್ಯಾನಿನವರ ನಿಯಮ ಅದು."

"ಹಾಗಾದ್ರೆ ಹೋಗಿ ಹುಡುಕು," ಎಂದು ಡಾಕ್ಟರು ಕೊಡೆ ತೆಗೆದುಕೊಂಡು ಎದ್ದರು. "ಒಂಬತ್ತನೇ ಎದೆಗೇನು ಕಾಲು ಬಂದಿರಲ್ಲ."

ಪಕ್ಕೆಲುಬಿನ ಒಡೆಯ ಯಾರೆಂದು ತಿಳಿಯಲು ನಾನು ಕಚೇರಿಯಿಂದ ಹೊರಗೆ ಕಾಲಿಡಬೇಕಾಗಲಿಲ್ಲ. ಕೆಲಸದಲ್ಲಿ ಮುರಿದ ಎಲುಬು ನಮ್ಮ ಕಚೇರಿಯಲ್ಲಿ ದಾಖಲಾಗಿರುತ್ತದೆ. ಹಳೆಯ ಕಡತಗಳ ಕೋಣೆಯಲ್ಲಿ ಮುಕ್ಕಾಲು ಗಂಟೆ ಸೀನಿದ ಮೇಲೆ ಸಿಕ್ಕಿತು. ನಾಲ್ಕು ವರ್ಷದ ಹಿಂದೆ ಅದೇ ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಗಾಜಿನ ಪೆಟ್ಟಿಗೆ ಜಾರಿ ಒಬ್ಬನ ಎಡ ಪಕ್ಕೆಗೆ ಬಿದ್ದಿತ್ತು. ಆರು ವಾರ ರಜೆ, ಅರ್ಧ ಸಂಬಳ, ಮಂಜೂರು. ಕೆಳಗೆ ಸಹಿ ಯಾರದೆಂದು ನೋಡಿದೆ. ನನ್ನದೇ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಆ ಮನುಷ್ಯನನ್ನು ಕಾರ್ಖಾನೆಯವರು ಗೂಳಿ ಎನ್ನುತ್ತಾರೆ.

ಕಾರ್ಖಾನೆ ಮುಟ್ಟುವಾಗ ಹತ್ತೂವರೆ. ಮೊದಲು ಸಿಕ್ಕಿದವನು ಮೇಸ್ತ್ರಿ. ಕುತ್ತಿಗೆಗೆ ಸೀಟಿ, ಜೇಬಿಗೆ ಮೂರು ಬಣ್ಣದ ಪೆನ್ನು, ಕೈಯಲ್ಲಿ ಉದ್ದನೆಯ ಪುಸ್ತಕ. ನನ್ನನ್ನು ಕಂಡರೆ ಅವನಿಗೆ ಹಲ್ಲುನೋವು ಬಂದಂತಾಗುತ್ತದೆ, ಆದರೂ ಕುರ್ಚಿ ಕೊಡುತ್ತಾನೆ.

"ವ್ಯಾನು ಬಂದ ದಿನದ ಸಾಲಿನ ಪಟ್ಟಿ ಇದೆಯಾ ಮೇಸ್ತ್ರಿ?"

"ಇಲ್ದೆ ಏನು ಮೇಡಮ್? ನನ್ನ ಪುಸ್ತಕದಲ್ಲಿ ಇಲ್ಲದ್ದು ಈ ಕಾರ್ಖಾನೇಲಿ ನಡೆದೇ ಇಲ್ಲ ಅಂತ ಅರ್ಥ."

ಅವನು ಹೆಮ್ಮೆಯಿಂದ ಪುಟ ತಿರುಗಿಸಿದ. ಯಾರು ಎಷ್ಟು ಹೊತ್ತಿಗೆ ವ್ಯಾನು ಹತ್ತಿದರು, ಎಷ್ಟು ಹೊತ್ತಿಗೆ ಇಳಿದರು, ಎಲ್ಲವೂ ಇತ್ತು. ಎದೆಯ ಫೋಟೋಗೆ ಹೋದ ನಿಮಿಷಗಳನ್ನು ಅವರವರ ಟೀ ವಿರಾಮದಿಂದ ಕಡಿತ ಮಾಡುವುದು ಅವನ ಪದ್ಧತಿ. ಇಂಥ ಜಿಪುಣತನಕ್ಕೂ ಒಮ್ಮೊಮ್ಮೆ ಬೆಲೆ ಬರುತ್ತದೆ. ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟೆ. ಹೂವಿನಣ್ಣ ಹತ್ತೂ ಇಪ್ಪತ್ತಕ್ಕೆ ಹತ್ತಿದ್ದಾನೆ, ಹತ್ತೂ ಇಪ್ಪತ್ತಾರಕ್ಕೆ ಇಳಿದಿದ್ದಾನೆ.

ಇಪ್ಪತ್ತೆರಡನೆಯವನು ಗೂಳಿ. ಅವನ ನಂತರದ ನಾಲ್ವರಿಗೆ ಹೆಸರಿತ್ತು, ಹೊತ್ತು ಇರಲಿಲ್ಲ.

"ಇವರಿಗ್ಯಾಕೆ ಟೈಮ್ ಬರ್ದಿಲ್ಲ?"

"ನಾನು ಊಟಕ್ಕೆ ಹೋಗಿದ್ದೆ. ಬಂದ್ಮೇಲೆ ವ್ಯಾನಿನವನು ಹೇಳಿದ ಹಾಗೆ ಬರ್ಕೊಂಡೆ."

"ಇಪ್ಪತ್ತೇಳನೇ ಸಲ ಯಾರು ಹತ್ತಿದ್ರು?"

"ಇರೋದೇ ಇಪ್ಪತ್ತಾರು ಜನ ಮೇಡಮ್." ಅವನು ಪುಸ್ತಕ ಮುಚ್ಚಿದ. "ನೋಡಿ, ಹೂವಿನಣ್ಣನ ಮೇಲೆ ನಂಗೇನೂ ದ್ವೇಷ ಇಲ್ಲ. ಅವನ ಹಾಗೆ ಗುಲಾಬಿ ಹೊಡೆಯೋರು ಇನ್ನೊಬ್ಬರಿಲ್ಲ. ಆ ತಿಂಗಳು ದೊಡ್ಡ ಹೋಟೆಲಿನ ಆರ್ಡರ್ ಇತ್ತು, ನೂರ ನಲವತ್ತು ಬಾಗಿಲು. ಅವನಿಲ್ದಿದ್ರೆ ನಾವು ಮುಳುಗ್ತಿದ್ವಿ."

ಈ ಮಾತು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಹೂವಿನಣ್ಣ ತಾನೇ ವ್ಯಾನು ಹತ್ತಿದ್ದಾನೆ, ಅವನ ಫೋಟೋ ತೆಗೆದಿದ್ದಾರೆ. ಅದರಲ್ಲಿ ಕಲೆ ಕಂಡಿದೆ. ನೂರ ನಲವತ್ತು ಬಾಗಿಲಿಗಾಗಿ ಯಾರೋ ಅದನ್ನು ಅಡಗಿಸಿ, ಗೂಳಿಯ ಎದೆಗೆ ಅವನ ಹೆಸರು ಅಂಟಿಸಿ, ಅವನನ್ನು ಮತ್ತೆ ಐದು ತಿಂಗಳು ಧೂಳಿನಲ್ಲಿ ನಿಲ್ಲಿಸಿದ್ದಾರೆ. ಅವನು ಕೆಲಸದಲ್ಲೇ ಕುಸಿದು ಬೀಳುವ ತನಕ. ಮೇಸ್ತ್ರಿಯ ಮೂರು ಬಣ್ಣದ ಪೆನ್ನುಗಳನ್ನು ನೋಡುತ್ತ, ನೀನು ಸಿಕ್ಕಿಬಿದ್ದೆ ಮಗನೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವನೇ ಅಪರಾಧಿಯಾಗಲಿ ಎಂದು ನನಗೆ ಆಸೆಯಿತ್ತು, ಸುಳ್ಳೇಕೆ ಹೇಳಲಿ.

ಪ್ಯಾಕಿಂಗ್ ಶೆಡ್ಡು ಅಂಗಳದ ಆಚೆ ಬದಿಗೆ. ಮರಳಿನ ಧೂಳು ಅಲ್ಲಿಗೆ ಬರುವುದಿಲ್ಲ. ಕಿಟಕಿಗಳ ಸಾಲಿಗೆ ಒರಗಿಸಿಟ್ಟ ಗಾಜುಗಳಲ್ಲಿ ಬಳ್ಳಿಗಳು, ನವಿಲುಗಳು. ನಡುವೆ ಮಂಡಿಯೂರಿ ಕೂತು ಗೂಳಿ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಎದೆ ಎಂದರೆ ಎದೆ, ಅಂಗಿಯ ಗುಂಡಿಗಳು ಪಾಪ ಒದ್ದಾಡುತ್ತಿದ್ದವು.

"ಪಕ್ಕೆ ನೋವು ಈಗ ಹೇಗಿದೆ?" ಎಂದೆ.

"ಯಾವ ಪಕ್ಕೆ ಮೇಡಮ್?" ಎಂದ. ಎನ್ನುವಷ್ಟರಲ್ಲಿ ಅವನ ಕೈ ಎಡಪಕ್ಕೆ ಮುಟ್ಟಿಯಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಚೀಲದಿಂದ ಆರೂ ಫೋಟೋ ತೆಗೆದು ಗಾಜುಗಳ ಮುಂದೆ ಸಾಲಾಗಿ ಒರಗಿಸಿದೆ. ಹಿಂದಿನಿಂದ ಬೆಳಕು ಬಂದು ಆರು ಎದೆಗಳೂ ಹೊಳೆದವು. ಅವನು ಒಂದು ಕ್ಷಣ ನೋಡಿ ಸುತ್ತಿಗೆ ಕೆಳಗಿಟ್ಟ.

"ಇದ್ರಲ್ಲಿ ತಪ್ಪೇನು ಮೇಡಮ್? ದೇವರು ನಂಗೊಂದು ಗಟ್ಟಿ ಎದೆ ಕೊಟ್ಟಿದ್ದಾನೆ. ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂತ ನಿಂತೆ."

"ಐದು ಜನಕ್ಕೆ."

"ಹ್ಞಾಂ, ಐದು." ಅವನು ಮೊಳೆಯ ಡಬ್ಬಿಯನ್ನು ಸುಮ್ಮನೆ ಅತ್ತಿತ್ತ ಸರಿಸಿದ. "ಹೂವಿನಣ್ಣನೂ ಸೇರಿ ಐದು."

"ಅವನೇ ಕೇಳಿದ್ನಾ?"

"ಅವನೇ. ಹಿಂದಿನ ದಿನ ಕೇಳ್ದ. ನಿಲ್ತೀನಣ್ಣ ಅಂದೆ. ಎಲ್ಲಾ ನಂದೇ ತಪ್ಪು ಅಂತ ಬರ್ಕೊಳ್ಳಿ. ನನ್ನ ಕೆಲಸ ಹೋದ್ರೆ ಹೋಗ್ಲಿ, ಎಲ್ಲಾದ್ರೂ ಮೂಟೆ ಹೊರ್ತೀನಿ."

"ನೀವು ಈಗ ಹೇಳಿದ್ದನ್ನ ಹಾಗೇ ಬರ್ಕೊಂಡ್ರೆ ನಿಮ್ಮ ಕೆಲಸ ಹೋಗುತ್ತೋ ಬಿಡುತ್ತೋ ಗೊತ್ತಿಲ್ಲ. ಹೂವಿನಣ್ಣಂಗೆ ಮಾತ್ರ ಬಿಡಿಗಾಸು ಸಿಗಲ್ಲ."

"ಯಾಕೆ?"

"ತಾನೇ ಬೇರೆಯವನನ್ನ ಕಳಿಸಿ ಮೋಸ ಮಾಡಿದೋನಿಗೆ ಪರಿಹಾರ ಇಲ್ಲ."

ಗೂಳಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಪಾಪದ ಮನುಷ್ಯ, ಎಲ್ಲವನ್ನೂ ತನ್ನ ತಲೆಗೆ ಕಟ್ಟಿಕೊಂಡರೆ ಎಲ್ಲರೂ ಪಾರಾಗುತ್ತಾರೆಂದು ತಿಳಿದಿದ್ದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಕ್ಕರೆಯೂ ಬಂತು.

"ಅಂಥ ನಿಯಮ ಯಾರು ಮಾಡಿದ್ದು?"

"ಎದೆ ಚೆನ್ನಾಗಿರೋರು ಮಾಡಿದ್ದು. ಈಗ ನನ್ನ ಮಾತು ಕೇಳಿ. ಮೇಸ್ತ್ರಿ ಪುಸ್ತಕದಲ್ಲಿ ಹೂವಿನಣ್ಣ ಒಂಬತ್ತನೆಯವನಾಗಿ ವ್ಯಾನು ಹತ್ತಿದ್ದಾನೆ. ಆರು ನಿಮಿಷ ಒಳಗಿದ್ದ. ನೀವೇ ಅವನ ಬದಲು ನಿಲ್ಲೋದಾಗಿದ್ರೆ ಅವನು ಒಳಗೆ ಹೋಗಿ ಏನ್ ಮಾಡ್ತಿದ್ದ?"

ಅವನು ಒಂದು ಮೊಳೆ ಎತ್ತಿ ಮತ್ತೆ ಡಬ್ಬಿಗೆ ಹಾಕಿದ.

"ಒಂಬತ್ತನೇ ನಂಬರಿನ ಫೋಟೋ ಕಟ್ಟಿನಲ್ಲಿ ಇಲ್ಲ. ಅದು ಅವನದೇ. ಅವನದೇ ಎದೆ, ಕಲೆ ಬಿದ್ದ ಎದೆ. ಅದು ಸಿಕ್ರೆ ಅವನು ಮೋಸ ಮಾಡಿಲ್ಲ ಅಂತಾನೂ ಗೊತ್ತಾಗುತ್ತೆ, ಕಾಯಿಲೆ ಧೂಳಿಂದು ಅಂತಾನೂ ಗೊತ್ತಾಗುತ್ತೆ. ಮೇಸ್ತ್ರಿ ತಾನೇ ಅದನ್ನ ತೆಗೆಸಿದ್ದು?"

"ಮೇಸ್ತ್ರಿ ಏನೂ ಮಾಡಿಲ್ಲ," ಎಂದ ಗೂಳಿ ಮೆಲ್ಲಗೆ. "ಅವನ ಪಾಪದ ಲೆಕ್ಕ ಈಗಾಗ್ಲೇ ತುಂಬಿದೆ, ಮಾಡದೇ ಇರೋದನ್ನೂ ಸೇರಿಸ್ಬೇಡಿ."

"ಮತ್ಯಾರು?"

"ನಂಗೆ ಗೊತ್ತಿಲ್ಲ."

"ಎದೆ ಮುಟ್ಕೊಂಡು ಹೇಳಿ."

ಅವನು ಮುಟ್ಟಿಕೊಳ್ಳಲಿಲ್ಲ. ಎದ್ದು ಹೋಗಿ ಶೆಡ್ಡಿನ ಬಾಗಿಲು ಅರ್ಧ ಎಳೆದು ಬಂದು ಪೆಟ್ಟಿಗೆಯ ಮೇಲೆ ಕೂತ. ಅಂಗಳದಾಚೆ ಮರಳಿನ ಯಂತ್ರ ಒಂದೇ ಸಮನೆ ಬುಸುಗುಡುತ್ತಿತ್ತು.

"ಅಣ್ಣ ನನ್ನ ಕೇಳ್ಲೇ ಇಲ್ಲ ಮೇಡಮ್. ನಾನೇ ಹೋಗಿ ಕೇಳ್ದೆ, ನಿನ್ನ ಬದಲೂ ನಿಲ್ಲಲಾ ಅಂತ. ಆವಾಗ್ಲೇ ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತಿದ್ದ. ನನ್ನ ಎದೇಲಿ ಏನಿದೆಯೋ ಅದು ನಂಗೂ ಗೊತ್ತಾಗ್ಬೇಕಲ್ಲಪ್ಪ, ನಾನೇ ನಿಲ್ತೀನಿ ಅಂದ ಅಣ್ಣ. ಹೋಗಿ ನಿಂತ."

"ಆಮೇಲೆ?"

"ಊಟದ ಹೊತ್ತಿಗೆ ಮೇಸ್ತ್ರಿ ಆಚೆ ಹೋದ. ಆ ನಾಲ್ಕು ಜನರ ಬದಲು ನಾನು ಹೋಗಿ ನಿಂತೆ. ಕೊನೇದು ಮುಗಿಸಿ ಅಂಗಿ ಹಾಕ್ಕೋತಿದ್ದೆ. ಫೋಟೋದವನು ಒಂದು ಫೋಟೋ ಹಿಡ್ಕೊಂಡು ನೋಡ್ತಾನೇ ಇದ್ದ. ಅಷ್ಟು ಹೊತ್ತಿಗೆ ಅಣ್ಣನ ಊಟದ ಡಬ್ಬಿ ತಗೊಂಡು…"

ಅವನು ನಿಲ್ಲಿಸಿದ. ಮುಂದಿನದನ್ನು ಹೇಳುವ ಅಗತ್ಯವಿರಲಿಲ್ಲ. ಹದಿನಾಲ್ಕು ವರ್ಷ, ದಿನಾ ಮಧ್ಯಾಹ್ನ, ಹೂವಿನಣ್ಣನ ಊಟದ ಡಬ್ಬಿ ಹಿಡಿದು ಗೇಟಿಗೆ ಬರುತ್ತಿದ್ದವಳು ಒಬ್ಬಳೇ. ಕಾರ್ಖಾನೆಯವರೆಲ್ಲ ಅತ್ತಿಗೆ ಎನ್ನುವ ಅವನ ಹೆಂಡತಿ. ಈ ಅರ್ಜಿಯನ್ನು ತನ್ನ ಕೈಯಾರೆ ಬರೆದು ನನ್ನ ಮೇಜಿನ ಮೇಲೆ ಇಟ್ಟವಳೂ ಅವಳೇ. ಮೂರು ಸಲ ಅವಳ ಮನೆಗೆ ಹೋಗಿ ಬಂದಿದ್ದ ನನಗೂ ಅತ್ತಿಗೆ ಎಂದೇ ಬಾಯಿಗೆ ಬಂದುಬಿಟ್ಟಿತ್ತು.

"ಫೋಟೋದವನು ಅವಳಿಗೆ ತೋರಿಸಿದ್ನಾ?"

"ಪ್ರತಿ ವರ್ಷ ಬರೋನು, ಮುಖಪರಿಚಯ ಇತ್ತು. ಪಕ್ಕಕ್ಕೆ ಕರೆದು ಹೇಳ್ದ, ಅಮ್ಮಾ, ನಿಮ್ಮ ಯಜಮಾನ್ರ ಎದೆ ತುಂಬ ಮರಳಿದೆ, ನಾನಿದನ್ನ ಕೊಟ್ರೆ ಮುಂದಿನ ವಾರ ಗೇಟಿಂದ ಆಚೆ, ನಿಮಗೆ ಮೊದಲೇ ತಿಳಿಸ್ತಿದೀನಿ ಅಂತ. ಒಳ್ಳೇದಕ್ಕೇ ಹೇಳ್ದ. ಅತ್ತಿಗೆ ಡಬ್ಬಿ ಹಿಡ್ಕೊಂಡು ಹಾಗೇ ನಿಂತಿದ್ರು. ಆಮೇಲೆ ಕೇಳಿದ್ರು, ಇನ್ನೊಂದು ವರ್ಷ ತಡೆಯುತ್ತಾ ಅಂತ. ಹದಿನೈದು ವರ್ಷ ತುಂಬಿದ್ರೆ ಪಿಂಚಣಿ ಬರುತ್ತಲ್ಲ. ಒಂದೇ ಒಂದು ವರ್ಷ ಬಾಕಿ. ಅವನು ನಂಗೇನು ಗೊತ್ತಮ್ಮ, ನಾನು ಡಾಕ್ಟ್ರಲ್ಲ ಅಂದ. ಅತ್ತಿಗೆ ನನ್ನ ಕಡೆ ನೋಡಿದ್ರು."

"ನೀವು ಮತ್ತೆ ನಿಂತ್ರಿ."

"ಅಂಗಿ ಬಿಚ್ಚಿ ಮತ್ತೆ ನಿಂತೆ. ಅದೇ ಇಪ್ಪತ್ತೇಳನೇದು. ಅಣ್ಣನ ಹೆಸರು ಅದಕ್ಕೆ ಹಾಕಿದ್ರು. ಒಂಬತ್ತನೇದನ್ನ ಅತ್ತಿಗೆ ಊಟದ ಚೀಲದಲ್ಲಿ ಸುತ್ತಿ ಇಟ್ಕೊಂಡು ಹೋದ್ರು."

"ಹೂವಿನಣ್ಣಂಗೆ ಗೊತ್ತಾ?"

"ಗೊತ್ತಿಲ್ಲ. ತಪಾಸಣೇಲಿ ಏನೂ ಇಲ್ಲ ಅಂತ ಬಂತಲ್ಲ, ಅದನ್ನೇ ನಂಬ್ಕೊಂಡು ದಿನಾ ಬಂದ. ನೂರ ನಲವತ್ತು ಬಾಗಿಲು ಮುಗಿಸ್ದ." ಗೂಳಿ ಅಂಗೈಯಿಂದ ಮುಖ ಒರೆಸಿಕೊಂಡ. "ಮೊನ್ನೆ ಅತ್ತಿಗೆ ನನ್ನ ಕೈ ಹಿಡ್ಕೊಂಡು ಅತ್ರು ಮೇಡಮ್. ಅರ್ಜಿ ಸೋತ್ರೂ ಪರವಾಗಿಲ್ಲ, ಗೊತ್ತಿದ್ದೂ ಗೊತ್ತಿದ್ದೂ ನಾನೇ ಅವರನ್ನ ದಿನಾ ಆ ಧೂಳಿಗೆ ಕಳಿಸ್ದೆ ಅಂತ ಅವರಿಗೆ ಮಾತ್ರ ತಿಳೀಬಾರ್ದು ಅಂದ್ರು. ನಾನು ಮಾತು ಕೊಟ್ಟಿದ್ದೆ. ಈಗ ನೋಡಿ, ಅದನ್ನೂ ಮುರಿದೆ."

ನನಗೆ ನಾಚಿಕೆಯಾಯಿತು. ಬೆಳಗಿನಿಂದ ಬೇಟೆಗೆ ಹೊರಟವಳ ಹಾಗೆ ಓಡಾಡಿದ್ದೆ, ಮೇಸ್ತ್ರಿಯ ಕೊರಳಪಟ್ಟಿ ಹಿಡಿಯುವ ಆಸೆಯಿಂದ. ಕೈಗೆ ಸಿಕ್ಕಿದ್ದು ಬಾಡಿಗೆ ಮನೆಯ ಒಬ್ಬ ಹೆಂಗಸು. ಅವಳು ಮಾಡಿದ್ದು ತಪ್ಪು. ಆದರೆ ಕಲೆ ಕಂಡವನಿಗೆ ಗೇಟು ತೋರಿಸುವ ಕಾರ್ಖಾನೆಯಲ್ಲಿ ಅವಳಿಗೆ ಬೇರೆ ಯಾವ ದಾರಿ ಇತ್ತು?

"ಆ ನಾಲ್ಕು ಜನರ ಹೆಸರು ಗುರುವಾರ ಹೊರಗೆ ಬರುತ್ತಾ?" ಎಂದು ಗೂಳಿ ಕೇಳಿದ.

"ನನಗೆ ಗುರುವಾರ ಬೇಕಾಗಿರೋದು ಎರಡೇ ಫೋಟೋ. ನಿಮ್ಮದೊಂದು, ಅಣ್ಣನದೊಂದು. ಆದರೆ ಆ ನಾಲ್ಕು ಜನಾನೂ ನಿಜವಾದ ಡಾಕ್ಟರ ಹತ್ರ ಹೋಗ್ಬೇಕು, ಈ ವಾರಾನೇ. ನಿಮ್ಮ ಎದೆ ಅವರ ಕೆಲಸ ಉಳಿಸುತ್ತೆ, ಉಸಿರು ಉಳಿಸಲ್ಲ. ನಿಮಗೆ ಅರ್ಥ ಆಯ್ತಾ?"

ಅವನು ತಲೆಯಾಡಿಸಿದ. ನಾನು ಫೋಟೋಗಳನ್ನು ಎತ್ತಿಕೊಂಡೆ.

ಹೂವಿನಣ್ಣನ ಮನೆ ಎರಡನೆಯ ಮಹಡಿಯಲ್ಲಿ, ಎರಡೇ ಕೋಣೆ. ಮೂರು ತಿಂಗಳಿಂದ ಅವನು ಮೆಟ್ಟಿಲು ಇಳಿದಿಲ್ಲ. ನಾನು ಹೋಗುವಾಗ ಮಧ್ಯಾಹ್ನದ ಬಿಸಿಲು ಮೆಟ್ಟಿಲ ತಿರುವಿನವರೆಗೆ ಬಂದಿತ್ತು. ಅತ್ತಿಗೆ ಒದ್ದೆ ಕೈಯಲ್ಲೇ ಬಾಗಿಲು ತೆರೆದಳು.

"ಬನ್ನಿ ಮೇಡಮ್. ಅವರಿಗೆ ಈಗಷ್ಟೇ ನಿದ್ದೆ ಹತ್ತಿದೆ."

"ಒಳಗೆ ಬೇಡ ಅತ್ತಿಗೆ. ಇಲ್ಲೇ ಮಾತಾಡೋಣ."

ಅವಳು ಹೊರಗೆ ಬಂದು ಬಾಗಿಲನ್ನು ಸ್ವಲ್ಪ ಎಳೆದುಕೊಂಡಳು. ಸುತ್ತಿ ಬಳಸಿ ಕೇಳಲು ನನಗೆ ಮನಸ್ಸಾಗಲಿಲ್ಲ.

"ಒಂಬತ್ತನೇ ನಂಬರಿನ ಫೋಟೋ ನಿಮ್ಮ ಹತ್ರ ಇದೆಯಾ?"

ಅವಳು ಅಳುತ್ತಾಳೆ, ಇಲ್ಲವೇ ಗೂಳಿಯನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಮೆಟ್ಟಿಲ ಕಂಬಿಯನ್ನು ಹಿಡಿದು ಕೆಳಗೆ ನೋಡುತ್ತ ನಿಂತಳು.

"ಸುಟ್ಟುಬಿಡೋಣ ಅಂತ ಎಷ್ಟು ಸಲ ತೆಗೆದಿದ್ದೀನೋ. ಅದು ಅವರ ಎದೆ ಮೇಡಮ್. ಹೇಗೆ ಸುಡ್ಲಿ?"

"ಅದಿದ್ರೆ ಗುರುವಾರ ನಾವು ಗೆಲ್ತೀವಿ."

"ಇಲ್ದಿದ್ರೆ?"

"ಇಲ್ದಿದ್ರೆ ಇಲ್ಲ. ಯಂತ್ರ ಬರಲ್ಲ, ಔಷಧ ಬರಲ್ಲ. ಆದರೆ ಅದನ್ನ ಕೊಟ್ರೆ, ಅದು ನಿಮ್ಮ ಹತ್ರ ಹೇಗೆ ಬಂತು ಅಂತ ನೀವೇ ಎದ್ದು ನಿಂತು ಹೇಳ್ಬೇಕಾಗುತ್ತೆ. ಅವರನ್ನೂ ಕುರ್ಚಿ ಸಮೇತ ಹೊತ್ತು ತಂದು ಪಕ್ಕದಲ್ಲೇ ಕೂರಿಸಿರ್ತಾರೆ."

ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತಿಕ್ಕುತ್ತಿದ್ದರು. ಅತ್ತಿಗೆ ಬಾಗಿಲ ಸಂದಿಯಿಂದ ಒಳಗೆ ಇಣುಕಿ ನೋಡಿದಳು.

"ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಕೊಂಡು ಹೊರಡೋರು," ಎಂದಳು. "ಹೋಗಿ ಬರ್ಲಾ ಅಂತ ಕೇಳೋರು. ಹ್ಞೂಂ ಅಂತಿದ್ದೆ. ಐದು ತಿಂಗಳು ಹ್ಞೂಂ ಅಂದಿದ್ದೀನಿ." ಆಮೇಲೆ ಸೆರಗಿಗೆ ಕೈ ಒರೆಸಿಕೊಂಡಳು. "ಅವರು ನನ್ನ ಮುಖ ನೋಡ್ದಿದ್ರೂ ಪರವಾಗಿಲ್ಲ. ಉಸಿರಾಡ್ಲಿ. ಇರಿ, ತರ್ತೀನಿ."

ಅವಳು ಒಳಗೆ ಹೋದಳು. ಟ್ರಂಕಿನ ಮುಚ್ಚಳ ಏಳುವುದು, ಬಟ್ಟೆಗಳನ್ನು ಸರಿಸುವುದು ಕೇಳಿಸಿತು. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಬಟ್ಟೆಗಳ ಸದ್ದು, ಈ ಸಲ ಅವಸರದ್ದು.

ಬರಿಗೈಯಲ್ಲಿ ಹೊರಗೆ ಬಂದಳು.

"ಇಟ್ಟಲ್ಲಿ ಇಲ್ಲ."

"ಸರಿಯಾಗಿ ನೋಡಿದ್ರಾ? ಬೇರೆ ಯಾರಾದ್ರೂ ತೆಗೆದು…"

"ಈ ಮನೇಲಿ ಇರೋದು ನಾವಿಬ್ರೇ ಮೇಡಮ್."

ಒಳಕೋಣೆಯಿಂದ ಕೆಮ್ಮು ಕೇಳಿಸಿತು. ಅದು ನಿಲ್ಲುವ ತನಕ ನಾವಿಬ್ಬರೂ ಅಲುಗಾಡಲಿಲ್ಲ. ಆಮೇಲೆ ಹೂವಿನಣ್ಣನ ದನಿ ಬಂತು, ಎರಡೆರಡು ಮಾತಿಗೊಮ್ಮೆ ನಿಂತು, ಯಾವ ಸಿಟ್ಟೂ ಇಲ್ಲದೆ.

"ಅವರನ್ನ ಬಾಗಿಲಲ್ಲಿ ನಿಲ್ಲಿಸ್ಬೇಡ ಕಣೇ… ಒಳಗೆ ಕರಿ. ನೀನೂ ಬಾ, ಹೆದರ್ಬೇಡ… ಫೋಟೋ ನನ್ನ ಹತ್ರಾನೇ ಇದೆ… ನೀನು ಯಾರಿಗೂ ಏನೂ ಹೇಳ್ಬೇಕಾಗಿಲ್ಲ… ಅರ್ಜಿ ವಾಪಸ್ ತಗೋಬೇಕಂದ್ರೆ… ಎಲ್ಲಿ ಸೈನ್ ಹಾಕ್ಬೇಕು ಅಂತ ಕೇಳ್ಬೇಕಿತ್ತು."